ಮಂಡ್ಯ ಸೀಮೆಯ ಸಣ್ಣಕಥೆ

ಕನ್ನಡದ ಸಣ್ಣಕಥೆಯು ಬಹುಮಟ್ಟಿಗೆ ಪತ್ರಿಕೆಗಳ ಆಶ್ರಯದಲ್ಲಿ ಬೆಳೆದುದು. ಮಂಗಳೂರಿನಲ್ಲಿ 1900ರಲ್ಲಿ ಮೊದಲಾದ ‘ಸುವಾಸಿನಿ’ಯು ಪಂಜೆ ಮಂಗೇಶರಾಯರ ಕಥನಕ್ಕೆ ಎಡೆಗೊಟ್ಟಿತು, 1944ರಿಂದ ಎರಡು ದಶಕಗಳ ಕಾಲ ಮಾಸ್ತಿಯವರು ‘ಜೀವನ’ವನ್ನು ನಡೆಸಿದರು. ಕಥೆಗಾರನು ತನ್ನ ಕಥೆಯನ್ನು ಕುರಿತು ತಾನೇ ನಾಲ್ಕು ಮಾತನಾಡುವ ಪದ್ಧತಿಯಾದರೋ ‘ಜೀವನ’ಕ್ಕೂ ಹಿಂದಿನದು: ಮಾಸ್ತಿಯವರದೇ ‘ರಂಗನ ಮದುವೆ’ಯ ನಿರೂಪಕನಾದ ಶಾಮನು ತನ್ನ ಹೊಸಹಳ್ಳಿಯನ್ನೂ ಅಲ್ಲಿಯ ಮಾವಿನಕಾಯಿಯನ್ನೂ ಸಾವಕಾಶವಾಗಿ ವರ್ಣಿಸಿ, ಓದುವವರ ಸ್ನೇಹವನ್ನು ಸಂಪಾದಿಸಿಕೊಂಡ ತರುವಾಯವೇ ಮದುವೆಯ ಪ್ರಸ್ತಾಪಕ್ಕೆ ಬರುತ್ತಾನೆ.

ಇನ್ನು ಮಂಡ್ಯದ ಸೀಮೆ. ಕನ್ನಂಬಾಡಿಯ ಕಟ್ಟೆಯ ನೀರು ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣಭೂಮಿಗೆ ಇಳಿದು, 1933ರಲ್ಲಿ ಸಕ್ಕರೆಯ ಕಾರ್ಖಾನೆ ಸ್ಥಾಪಿತವಾಗಿ, 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯವೇ ಒಂದು ಜಿಲ್ಲೆಯಾಯಿತು. ಇಷ್ಟು ಬದಲಾವಣೆಯನ್ನು ಕಂಡ ನೆಲವು ತನ್ನ ಕಥೆಯನ್ನು ಒಡನೆಯೇ ಹೇಳಿಕೊಳ್ಳಲಿಲ್ಲ. 1928ರಲ್ಲಿ ಮಂಡ್ಯದಲ್ಲಿ ಜನಿಸಿದ ತ್ರಿವೇಣಿಯವರು ಕಾದಂಬರಿಗಳ ಜೊತೆಗೆ ಕಥೆಗಳನ್ನೂ ಬರೆದರು. ಆದರೆ ಅವರ ದೃಷ್ಟಿ ನೆಟ್ಟುದು ಮಧ್ಯಮವರ್ಗದ ಮನೆಯೊಳಗಿನ ಹೆಣ್ಣಿನ ಮನಸ್ಸಿನ ಮೇಲೆ, ನಾಲೆಯ ಬದಿಯ ಬೇಸಾಯಗಾರನ ಮೇಲಲ್ಲ. ಇದು ಆಕ್ಷೇಪವಲ್ಲ, ಅವರ ಕ್ಷೇತ್ರವೇ ಬೇರೆ.

ಬೇಸಾಯಗಾರನ ಮಾತು ಅವನ ಬಾಯಿಯ ಬಿಸಿಯೊಡನೆ ಕಥೆಯೊಳಕ್ಕೆ ಬಂದುದು ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣನವರಿಂದ. ಅವರು ಜನಿಸಿದ 1938ನೆಯ ಇಸವಿಯಲ್ಲಿಯೇ, ಅದೇ ತಾಲ್ಲೂಕಿನ ಶಿವಪುರದಲ್ಲಿ, ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನು ಏರಿಸುವ ಸತ್ಯಾಗ್ರಹ ನಡೆಯಿತು. ಅಂತಹ ನಾಡಿನಲ್ಲಿ ಹುಟ್ಟಿ, ವೈದ್ಯರಾಗಿ, ‘ನೆಲದ ಒಡಲು’ ಮೊದಲಾದ ಸಂಕಲನಗಳನ್ನು ಕೊಟ್ಟ ಈ ಲೇಖಕರು ‘ಗಾಂಧಿ’ ಎಂಬ ಕಥೆಯಲ್ಲಿ ಆ ಮಹಾನಾಮವನ್ನು ರೋಗಿಯಾದ ಒಬ್ಬ ಬಡ ಬಾಲಕನಿಗಿಟ್ಟು, ಅವನನ್ನು ಆಸ್ಪತ್ರೆಗೆ ತಂದರು. ಸ್ವತಃ ವೈದ್ಯನಾದವನು ಆಸ್ಪತ್ರೆಯ ಲಂಚಕೋರತನವನ್ನೂ ನಿರ್ದಯೆಯನ್ನೂ ಬರೆಯುವಾಗ ತನ್ನ ವೃತ್ತಿಯ ಪರವಾಗಿ ಒಂದು ಸಮಜಾಯಿಷಿಯನ್ನಾದರೂ ಸೇರಿಸಬಹುದಾಗಿತ್ತು. ರಾಮಣ್ಣನವರು ಹಾಗೆ ಮಾಡಲಿಲ್ಲ.

ಮಾಸ್ತಿಯವರ ಶಾಮನಂತೆ ಓದುಗನ ಪಕ್ಕದಲ್ಲಿ ಕುಳಿತು ಹರಟುವ ನಿರೂಪಕನಿಗೆ ಇಲ್ಲಿ ಸ್ಥಳವಿಲ್ಲ. ಆ ವಿರಾಮದ ಸೊಗಸು ಹೋದುದಕ್ಕೆ ನನಗೆ ಕೊಂಚ ವ್ಯಸನವುಂಟು. ಆದರೂ, ಮಗುವನ್ನು ಹೊತ್ತು ದೂರದ ಹಳ್ಳಿಯಿಂದ ಬಂದವರು ಬಾಗಿಲಲ್ಲಿ ಕಾಯುತ್ತಿರುವಾಗ ಹರಟೆಗೆ ಯಾರು ತಾನೇ ಕುಳಿತಾರು?