ಚೆರ್ರಿ ಪೈ, ಸಬ್ಬಕ್ಕಿ ಮತ್ತು 1942

ಹೋದ ವರ್ಷ ನವೆಂಬರ್‌ನಲ್ಲಿ ಒಂದು ಪೈ ಮಾಡಲು ಹೋಗಿ ಮರ್ಯಾದೆ ಕಳಕೊಂಡೆ. ಎಲ್ಲಿ ತಪ್ಪಾಯ್ತು ಅಂತ ಹುಡುಕಲು ಕೂತವನು ಮಿಶಿಗನ್‌ನಿಂದ ಹೊರಟು ಜಾವಾ, ಅಯೋವಾ ಎಲ್ಲಾ ಸುತ್ತಿ ಕೊನೆಗೆ ನಮ್ಮ ಪಕ್ಕದ ಸೇಲಂಗೆ ಬಂದು ಮುಟ್ಟಿದೆ. ಬರಹ ಸ್ವಲ್ಪ ಉದ್ದ ಇದೆ. ಕಾಫಿ ಹಿಡಿದು ಕೂತರೆ ಒಳ್ಳೇದು :-)

ಮೊದಲು ಪೈ ಬಗ್ಗೆ. ಮೈದಾ ಮತ್ತು ಬೆಣ್ಣೆಯ ಹಿಟ್ಟನ್ನು ಲಟ್ಟಿಸಿ ತಟ್ಟೆಗೆ ಹಾಸಿ, ಒಳಗೆ ಹಣ್ಣಿನ ಹೂರಣ ತುಂಬಿ, ಮೇಲೆ ಇನ್ನೊಂದು ಹಾಳೆ ಮುಚ್ಚಿ ಓವನ್ನಿನಲ್ಲಿ ಬೇಯಿಸಿದರೆ ಅದೇ ಪೈ. ನಮ್ಮ ಹೋಳಿಗೆಯ ದೂರದ ನೆಂಟ ಅನ್ನಬಹುದು. ನಾವಿರುವ ಮಿಶಿಗನ್‌ನಲ್ಲಿ ಪೈ ಅಂದರೆ ಹುಳಿ ಚೆರ್ರಿಯದ್ದು. ಈ ಹಣ್ಣು ಸಿಗುವುದು ಜುಲೈನಲ್ಲಿ ಎರಡು ಮೂರು ವಾರ ಮಾತ್ರ. ಕಿತ್ತ ಮೇಲೆ ಕೆಲವೇ ದಿನಕ್ಕೆ ಮೆತ್ತಗಾಗಿ ಕೆಟ್ಟುಹೋಗುತ್ತದೆ. ಆದರೆ ಜನಕ್ಕೆ ಪೈ ಬೇಕಾಗುವುದು ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್‌ಗೆ. ಹಾಗಾಗಿ ಇಲ್ಲಿಯ ಹೆಂಗಸರು ಜುಲೈನಲ್ಲೇ ಹೂರಣ ಮಾಡಿ ಫ್ರೀಜರಿಗೆ ಹಾಕಿಡುತ್ತಾರೆ. ನಾನೂ ಹಾಗೇ ಮಾಡಿದೆ. ಬೀಜ ತೆಗೆದ ಚೆರ್ರಿ, ಸಕ್ಕರೆ, ಗಟ್ಟಿಯಾಗಲು ಕಾರ್ನ್ ಫ್ಲೋರ್. ಕುದಿಸಿದೆ, ಆರಿಸಿದೆ, ಇಟ್ಟೆ.

ನವೆಂಬರ್‌ನಲ್ಲಿ ತೆಗೆದು ಕರಗಿಸಿದರೆ ಹೂರಣ ಒಂದು ಕಡೆ ಸ್ಪಂಜಿನ ಹಾಗೆ ಮುದ್ದೆ, ಇನ್ನೊಂದು ಕಡೆ ಕೆಂಪು ನೀರು! ಹಾಗೇ ತುಂಬಿ ಬೇಯಿಸಿದೆ. ತಳದ ಹಾಳೆ ನೆನೆದ ರಟ್ಟಿನ ಥರ ಆಗಿತ್ತು. ಎದುರುಮನೆಯ ಎಂಬತ್ತು ದಾಟಿದ ಅಜ್ಜಿಯನ್ನು ಬೇರೆ ಕರೆದುಬಿಟ್ಟಿದ್ದೆ. ಅವರು ಒಂದು ಚಮಚ ತಿಂದು, ಬಯ್ಯದೆ, ಒಂದೇ ಪ್ರಶ್ನೆ ಕೇಳಿದರು. "ಕಾರ್ನ್ ಸ್ಟಾರ್ಚ್ ಹಾಕಿದೆಯಾ? ಫ್ರೀಜ್ ಮಾಡೋದಕ್ಕೆ ಟ್ಯಾಪಿಯೋಕ ಹಾಕಬೇಕಪ್ಪಾ."

ನಾನು ಅಲ್ಲಿವರೆಗೂ ಫ್ರೀಜರ್ ಮೇಲೆ ಅನುಮಾನ ಪಡುತ್ತಿದ್ದೆ. ನಮ್ಮ ಕೆಲಸದಲ್ಲೂ ಹೀಗೇ ಅಲ್ವಾ, ಬಗ್ ಇರೋದು ನಮ್ಮ ಕೋಡ್‌ನಲ್ಲಿ, ಬೈಯೋದು ಸರ್ವರನ್ನ.

ಇರಲಿ, ಇತಿಹಾಸಕ್ಕೆ ಬರೋಣ.

ಮಿಶಿಗನ್‌ನಲ್ಲಿ ಚೆರ್ರಿ ಕತೆ ಶುರುವಾಗುವುದು 1852ರಲ್ಲಿ. ಪೀಟರ್ ಡೌಘರ್ಟಿ ಎಂಬ ಪಾದ್ರಿ ಟ್ರಾವರ್ಸ್ ಸಿಟಿಯ ಪಕ್ಕದ ಓಲ್ಡ್ ಮಿಷನ್ ಎಂಬ ಕಡೆ ಚೆರ್ರಿ ಗಿಡ ನೆಟ್ಟ. ಮಿಶಿಗನ್ ಸರೋವರ ಚಳಿಯನ್ನೂ ಸೆಕೆಯನ್ನೂ ಸ್ವಲ್ಪ ತಗ್ಗಿಸುವುದರಿಂದ ಗಿಡ ಚೆನ್ನಾಗಿ ಹತ್ತಿತು. ಇವತ್ತಿಗೂ ಅಮೆರಿಕದಲ್ಲಿ ಅತಿ ಹೆಚ್ಚು ಹುಳಿ ಚೆರ್ರಿ ಬೆಳೆಯುವ ರಾಜ್ಯ ಇದೇ. ಹಾಗಂತ ಪ್ರತಿ ವರ್ಷ ಸಿಕ್ಕೇ ಸಿಗುತ್ತದೆ ಅನ್ನುವ ಹಾಗಿಲ್ಲ. 2012ರ ಮಾರ್ಚ್‌ನಲ್ಲಿ ಅಕಾಲದ ಬಿಸಿಲು ಬಂದು ಮೊಗ್ಗುಗಳು ಬೇಗ ಒಡೆದವು, ಏಪ್ರಿಲ್‌ನಲ್ಲಿ ಹಿಮ ಬಿತ್ತು, ಇಲ್ಲಿಯ ಹುಳಿ ಚೆರ್ರಿ ಬೆಳೆಯಲ್ಲಿ ಸುಮಾರು ಶೇಕಡಾ 90 ಹಾಳಾಯಿತು. ಸಿಕ್ಕಾಗ ಕೂಡಿಡಬೇಕು ಅನ್ನುವ ಬುದ್ಧಿ ಇಂಥ ಬೆಳೆಯ ಜೊತೆಗೇ ಬರುತ್ತದೆ. ಕಾರ್ಖಾನೆಗಳೂ ಇದನ್ನೇ ಮಾಡುತ್ತವೆ. ಅಲ್ಲಿ "ಐದು ಪ್ಲಸ್ ಒಂದು" ಅಂತ ಒಂದು ಲೆಕ್ಕ ಇದೆ. ಐದು ಪಾಲು ಚೆರ್ರಿಗೆ ಒಂದು ಪಾಲು ಸಕ್ಕರೆ ಬೆರೆಸಿ 30 ಪೌಂಡಿನ ಡಬ್ಬಗಳಲ್ಲಿ ಘನೀಕರಿಸುತ್ತಾರೆ. ಬೇಕರಿಗಳಿಗೆ ವರ್ಷವಿಡೀ ಅದೇ ಆಧಾರ.

ಪೈ ಫ್ರೀಜ್ ಮಾಡುವುದು ಯಂತ್ರ ಬಂದಮೇಲಿನ ಐಡಿಯಾ ಅಂದುಕೊಂಡಿದ್ದೆ. ಅದೂ ತಪ್ಪು. ಹ್ಯಾರಿಯಟ್ ಬೀಚರ್ ಸ್ಟೋವ್ ತನ್ನ 'ಓಲ್ಡ್‌ಟೌನ್ ಫೋಕ್ಸ್' (1869) ಕಾದಂಬರಿಯಲ್ಲಿ ಹಳೇ ನ್ಯೂ ಇಂಗ್ಲೆಂಡಿನ ಥ್ಯಾಂಕ್ಸ್‌ಗಿವಿಂಗ್ ಬಗ್ಗೆ ಬರೆಯುತ್ತಾ ಇದನ್ನು ಹೇಳುತ್ತಾಳೆ. ಹಬ್ಬಕ್ಕೆ ಡಜನ್‌ಗಟ್ಟಲೆ ಪೈ ಬೇಯಿಸಿ, ಬಿಸಿಲು ಬೀಳದ ಉತ್ತರ ದಿಕ್ಕಿನ ಕೋಣೆಯಲ್ಲಿ ಇಟ್ಟುಬಿಡುತ್ತಿದ್ದರಂತೆ. ಕಿಟಕಿ ಸಂದಿನಿಂದ ಹಿಮ ಬಂದು ಬೀಳುವ ಆ ಕೋಣೆಯೇ ಫ್ರೀಜರ್! ಪೈಗಳು ಏಪ್ರಿಲ್‌ವರೆಗೂ ಬರುತ್ತಿದ್ದವು.

ಯಂತ್ರದ ಕತೆ ಬಂದಾಗ ಕ್ಲಾರೆನ್ಸ್ ಬರ್ಡ್ಸ್‌ಐ ಹೆಸರು ಹೇಳಲೇಬೇಕು. 1912ರಿಂದ ಕೆಲವು ವರ್ಷ ಲ್ಯಾಬ್ರಡಾರ್‌ನಲ್ಲಿದ್ದ ಈತ, ಇನ್ಯೂಟ್ ಜನ ಹಿಡಿದ ಮೀನು ಕೊರೆಯುವ ಗಾಳಿಗೆ ಕ್ಷಣದಲ್ಲಿ ಹೆಪ್ಪುಗಟ್ಟುವುದನ್ನೂ, ತಿಂಗಳುಗಳ ನಂತರ ಬೇಯಿಸಿದರೂ ತಾಜಾ ರುಚಿ ಇರುವುದನ್ನೂ ಗಮನಿಸಿದ. ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳು ದೊಡ್ಡದಾಗಿ ಜೀವಕೋಶಗಳನ್ನು ಸೀಳುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದು, ಹಾನಿ ಕಡಿಮೆ. ಈ ಒಂದು ಸೂತ್ರದಿಂದ ಕಂಪನಿ ಕಟ್ಟಿ 1929ರಲ್ಲಿ 2.2 ಕೋಟಿ ಡಾಲರ್‌ಗೆ ಮಾರಿದ. ಕೊಂಡವರು ಜನರಲ್ ಫುಡ್ಸ್ ಎಂದು ಹೆಸರು ಬದಲಿಸಿಕೊಂಡರು. 1930ರ ಮಾರ್ಚ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನ 18 ಅಂಗಡಿಗಳಲ್ಲಿ ಅವರ ಘನೀಕೃತ ಆಹಾರ ಮಾರಾಟಕ್ಕೆ ಬಂತು.

ಅಲ್ಲಿಗೆ ಹಣ್ಣಿನ ಸಮಸ್ಯೆ ಮುಗಿಯಿತು. ಆದರೆ ಹೂರಣ ಬರೀ ಹಣ್ಣಲ್ಲ, ಅದರಲ್ಲಿ ಗಂಜಿ ಇದೆ. ನನ್ನ ಪೈ ಕೆಟ್ಟಿದ್ದು ಅಲ್ಲೇ.

ಪಿಷ್ಟದಲ್ಲಿ ಎರಡು ಥರದ ಅಣುಗಳು ಇರುತ್ತವೆ. ಒಂದು ಉದ್ದ ದಾರದ ಹಾಗೆ, ಹೆಸರು ಅಮೈಲೋಸ್. ಇನ್ನೊಂದು ಕವಲೊಡೆದ ಪೊದೆಯ ಹಾಗೆ, ಅಮೈಲೋಪೆಕ್ಟಿನ್. ಕುದಿಸಿದ ಗಂಜಿ ತಣ್ಣಗಾದಾಗ ದಾರಗಳು ಪಕ್ಕಪಕ್ಕ ಸೇರಿ ಗಟ್ಟಿ ಕಟ್ಟುಗಳಾಗುತ್ತವೆ, ನಡುವೆ ಇದ್ದ ನೀರನ್ನು ಹೊರಗೆ ದಬ್ಬುತ್ತವೆ. ಫ್ರೀಜರಿನಲ್ಲಿಟ್ಟು ಕರಗಿಸಿದರೆ ಇದು ಇನ್ನೂ ಜಾಸ್ತಿ. ಪೊದೆಗಳಿಗೆ ಹಾಗೆ ಹತ್ತಿರ ಸೇರುವುದು ಕಷ್ಟ. ಮುಸುಕಿನ ಜೋಳದ ಪಿಷ್ಟದಲ್ಲಿ ಅಮೈಲೋಸ್ ಸುಮಾರು ಕಾಲುಭಾಗ. ಟ್ಯಾಪಿಯೋಕದಲ್ಲಿ ಸುಮಾರು ಶೇಕಡಾ 17. ಹಾಗಾಗಿ ಟ್ಯಾಪಿಯೋಕ ಹಾಕಿದ ಹೂರಣ ನೀರು ಬಿಡುವುದು ಕಡಿಮೆ. ಅಜ್ಜಿಗೆ ರಸಾಯನಶಾಸ್ತ್ರ ಬೇಕಾಗಿರಲಿಲ್ಲ, ಉತ್ತರ ಗೊತ್ತಿತ್ತು.

ಟ್ಯಾಪಿಯೋಕ ಅಂದರೆ ಮರಗೆಣಸಿನ ಪಿಷ್ಟ. ಗಿಡ ದಕ್ಷಿಣ ಅಮೆರಿಕದ್ದು. ಪೋರ್ಚುಗೀಸರ ಹಡಗುಗಳಲ್ಲಿ ಆಫ್ರಿಕಕ್ಕೂ ಏಷ್ಯಕ್ಕೂ ಬಂತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕಕ್ಕೆ ಟ್ಯಾಪಿಯೋಕ ಕಳಿಸುತ್ತಿದ್ದ ದೊಡ್ಡ ಜಾಗ ಡಚ್ಚರ ಆಳ್ವಿಕೆಯ ಜಾವಾ ದ್ವೀಪ. ಗುಂಡು ಗುಂಡಾದ ಈ ಕಾಳು ಗಂಟೆಗಟ್ಟಲೆ ನೆನೆಯಬೇಕಿತ್ತು. 1894ರ ಸುಮಾರಿಗೆ ಬಾಸ್ಟನ್‌ನ ಸೂಸನ್ ಸ್ಟೇವರ್ಸ್ ಎಂಬಾಕೆ ಕಾಫಿ ಬೀಜ ಪುಡಿಮಾಡುವ ಮಿಲ್ಲಿಗೆ ಅದನ್ನು ಹಾಕಿ ತಿರುವಿದಳು. ಬೇಗ ಬೇಯುವ ಪುಡಿ ಸಿದ್ಧವಾಯಿತು. ಅದೇ ಮುಂದೆ 'ಮಿನಿಟ್ ಟ್ಯಾಪಿಯೋಕ' ಆಗಿ ಅಮೆರಿಕದ ಅಡುಗೆಮನೆಗಳನ್ನು ಸೇರಿತು. 1926ರಲ್ಲಿ ಆ ಕಂಪನಿಯನ್ನು ಕೊಂಡವರು ಯಾರು ಗೊತ್ತಾ? ಮೂರು ವರ್ಷದ ನಂತರ ಬರ್ಡ್ಸ್‌ಐಯನ್ನೂ ಕೊಂಡು ಜನರಲ್ ಫುಡ್ಸ್ ಆದವರೇ.

ಆಮೇಲೆ 1942 ಬಂತು. ಫೆಬ್ರುವರಿಯಲ್ಲಿ ಸಿಂಗಾಪುರ ಜಪಾನಿನ ಕೈಗೆ ಬಿತ್ತು. ಮಾರ್ಚ್‌ನಲ್ಲಿ ಜಾವಾದ ಡಚ್ಚರು ಶರಣಾದರು. ಅಮೆರಿಕಕ್ಕೆ ಟ್ಯಾಪಿಯೋಕ ನಿಂತುಹೋಯಿತು. ಬರೀ ಪೈ ಅಲ್ಲ, ಅಂಟು, ಕಾಗದ, ಬಟ್ಟೆ ಕಾರ್ಖಾನೆಗಳಿಗೂ ಆ ಪಿಷ್ಟ ಬೇಕಿತ್ತು.

ಉತ್ತರ ಬೇರೆ ಕಡೆ ಕಾಯುತ್ತಾ ಕೂತಿತ್ತು. 1908ರಲ್ಲಿ ಶಾಂಘೈನಲ್ಲಿದ್ದ ಫಾರ್ನಮ್ ಎಂಬ ಅಮೆರಿಕನ್ ಮಿಷನರಿ ಒಂದು ವಿಚಿತ್ರ ಮುಸುಕಿನ ಜೋಳದ ಬೀಜವನ್ನು ಅಮೆರಿಕದ ಕೃಷಿ ಇಲಾಖೆಗೆ ಕಳಿಸಿದ್ದ. ಕಾಳು ಕೊಯ್ದರೆ ಒಳಗೆ ಮೇಣದ ಹಾಗೆ ಕಾಣುತ್ತಿತ್ತು, ಅದಕ್ಕೇ 'ವ್ಯಾಕ್ಸಿ' ಜೋಳ ಅಂತ ಹೆಸರು. ಅದರ ಪಿಷ್ಟದಲ್ಲಿ ಅಮೈಲೋಸ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಬರೀ ಪೊದೆ. ಮೂವತ್ತು ವರ್ಷ ಅದು ಸಂಶೋಧಕರ ಕುತೂಹಲದ ವಸ್ತುವಾಗಿ ಉಳಿದಿತ್ತು. 1930ರ ದಶಕದಲ್ಲಿ ಅಯೋವಾದವರು ಅದನ್ನು ಒಳ್ಳೆಯ ಇಳುವರಿ ಕೊಡುವ ತಳಿಯ ಜೊತೆ ಕೂಡಿಸಲು ಶುರುಮಾಡಿದ್ದರು. ಜಾವಾ ಬಿದ್ದ ವರ್ಷವೇ, 1942ರಲ್ಲಿ, ಅದು ಹೊಲಗಳಲ್ಲಿ ವ್ಯಾಪಾರದ ಬೆಳೆಯಾಯಿತು. ಯುದ್ಧ ಮುಗಿದು ಟ್ಯಾಪಿಯೋಕ ವಾಪಸ್ ಬಂದರೂ ವ್ಯಾಕ್ಸಿ ಜೋಳ ಹೋಗಲಿಲ್ಲ. ಫ್ರೀಜರ್ ಮನೆಮನೆಗೆ ಬರುತ್ತಿದ್ದ ಕಾಲ ಅದು. ಇವತ್ತು ಅಂಗಡಿಯ ಎಷ್ಟೋ ಫ್ರೋಜನ್ ಪೈಗಳ ಹೂರಣ ನೀರೊಡೆಯದೆ ನಿಂತಿರುವುದು ಮಾರ್ಪಡಿಸಿದ ಈ ಜೋಳದ ಪಿಷ್ಟದಿಂದ.

ಇಷ್ಟು ಓದುವಾಗ ನನಗೆ ಇನ್ನೊಂದು ವಿಷಯ ಹೊಳೆದಿರಲಿಲ್ಲ. ಟ್ಯಾಪಿಯೋಕ ತರಲು ಇಂಡಿಯನ್ ಸ್ಟೋರಿಗೆ ಹೋದಾಗ ಹೊಳೆಯಿತು. ಅದು ನಮ್ಮ ಸಬ್ಬಕ್ಕಿ! ಏಕಾದಶಿಗೆ ಅಮ್ಮ ಮಾಡುವ ಉಪ್ಪಿಟ್ಟಿನ ಸಬ್ಬಕ್ಕಿ. ಹಿಂದೆ ಸಾಗು ಎಂಬ ತಾಳೆಜಾತಿಯ ಮರದ ತಿರುಳಿನಿಂದ ಮಾಡುತ್ತಿದ್ದ ಕಾಳು, ಆಮೇಲೆ ಮರಗೆಣಸಿನಿಂದ ಆಯಿತು. ಯುದ್ಧಕ್ಕೆ ಮುಂಚೆ ಅದು ಆಗ್ನೇಯ ಏಷ್ಯಾದಿಂದ ಹಡಗಿನಲ್ಲಿ ಬರುತ್ತಿತ್ತು. ತಮಿಳಿನಲ್ಲಿ ಅದಕ್ಕೆ ಜವ್ವರಿಸಿ ಅನ್ನುತ್ತಾರೆ, ಜಾವಾ ಅರಿಸಿ ಅಂದರೆ ಜಾವಾ ಅಕ್ಕಿ ಅನ್ನುವುದೇ ಹಾಗಾಯಿತಂತೆ. ನಮ್ಮಜ್ಜಿ ಇವತ್ತಿಗೂ ಸೀಮೆಅಕ್ಕಿ ಅಂತಾರೆ. ಸೀಮೆಎಣ್ಣೆ, ಸೀಮೆಬದನೆ ಇದ್ದ ಹಾಗೆ, ಹೊರಗಿನಿಂದ ಬಂದದ್ದು ಅಂತ ಹೆಸರೇ ಹೇಳುತ್ತದೆ.

ಜಪಾನಿನ ಅದೇ ದಾಳಿ ನಮಗೂ ಬಾಗಿಲು ಮುಚ್ಚಿತು. 1943ರಲ್ಲಿ ಸೇಲಂನಲ್ಲಿ ಮರಗೆಣಸಿನಿಂದ ಸಬ್ಬಕ್ಕಿ ಮಾಡುವುದು ಶುರುವಾಯಿತು. ಹತ್ತಿರದ ತಿರುವಾಂಕೂರಿನಲ್ಲಿ ಮರಗೆಣಸು ಆಗಲೇ ಇತ್ತು, 1880ರ ದಶಕದಲ್ಲಿ ಅಲ್ಲಿಯ ವಿಶಾಖಂ ತಿರುನಾಳ್ ಮಹಾರಾಜರು ಅದನ್ನು ಪ್ರೋತ್ಸಾಹಿಸಿದ್ದರು. ಇವತ್ತು ನಮ್ಮ ಮನೆಗಳಿಗೆ ಬರುವ ಸಬ್ಬಕ್ಕಿಯ ಬಹುಪಾಲು ಸೇಲಂ ಕಡೆಯದೇ. ಜಾವಾದ ಬಂದರು ಮುಚ್ಚಿದ್ದಕ್ಕೆ ಅಯೋವಾದಲ್ಲಿ ಒಂದು ಬೆಳೆ, ಸೇಲಂನಲ್ಲಿ ಒಂದು ಉದ್ಯಮ.

ಕತೆ ಇಲ್ಲಿಗೇ ನಿಲ್ಲಿಸಿದ್ದರೆ ಚಂದ ಇರುತ್ತಿತ್ತು. "ನೋಡಿ, ಕಷ್ಟ ಬಂದಾಗ ಮನುಷ್ಯ ದಾರಿ ಹುಡುಕುತ್ತಾನೆ" ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಜಾವಾದಲ್ಲಿ ಏನಾಯಿತು ಅಂತ ನೋಡಿದ ಮೇಲೆ ಹಾಗೆ ಮುಗಿಸಲು ಮನಸ್ಸು ಒಪ್ಪಲಿಲ್ಲ. ಬಲವಂತದ ಭತ್ತ ವಸೂಲಿ, ಗಂಡಸರನ್ನು ಬಿಟ್ಟಿ ಕೆಲಸಕ್ಕೆ ಎಳೆದೊಯ್ದದ್ದು, ಆಮೇಲೆ 1944-45ರ ಕ್ಷಾಮ. ಲಕ್ಷಾಂತರ ಜನ ಸತ್ತರು. ಬರ್ಮಾದ ಅಕ್ಕಿ ನಿಂತದ್ದೂ ಒಂದು ಕಾರಣವಾಗಿ 1943ರಲ್ಲಿ ಬಂಗಾಳದಲ್ಲಿ ಸತ್ತವರು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಪೈ ಗಟ್ಟಿಯಾಗಲು ಏನು ಹಾಕೋಣ ಎಂಬ ಚಿಂತೆ ಒಂದು ದಂಡೆಯಲ್ಲಿ. ಗಂಜಿಯೇ ಇಲ್ಲದವರು ಇನ್ನೊಂದು ದಂಡೆಯಲ್ಲಿ. ಕಾರಣ ಮಾತ್ರ ಒಂದೇ ಯುದ್ಧ.

ಅಜ್ಜಿಗೆ ಫೋನ್ ಮಾಡಿ ಕೇಳಿದೆ. ತೀರ್ಥಹಳ್ಳಿ ಕಡೆಯವರು, ಹುಟ್ಟಿದ್ದೇ 1943ರಲ್ಲಿ. "ನಂಗೆಂತ ನೆನಪಿರುತ್ತೋ, ನಮ್ಮಮ್ಮ ಹೇಳ್ತಿತ್ತು. ಸೀಮೆಎಣ್ಣೆ ಇಲ್ಲ, ಬಟ್ಟೆ ಇಲ್ಲ, ಅಕ್ಕಿಗೆ ಲೆಕ್ಕ. ನಾನು ಹುಟ್ಟಿದಾಗ ಬಾಣಂತಿಗೆ ಕೊಡಕ್ಕೆ ತುಪ್ಪ ಸಾಲ ತಂದಿದ್ರಂತೆ" ಅಂದರು. ಒಂದು ಕ್ಷಣ ಸುಮ್ಮನಿದ್ದು, "ನಿನ್ನ ಹೆಂಡ್ತಿ ಚೆನ್ನಾಗಿ ಊಟ ಮಾಡ್ತಾಳಾ?" ಅಂದರು.

ಹೌದು, ಹೇಳಲು ಮರೆತೆ, ನಮಗೆ ಮುಂದಿನ ತಿಂಗಳು ಮಗು ಬರಲಿದೆ. ಬಾಣಂತನಕ್ಕೆ ಅಮ್ಮ ಬಂದು ಒಂದು ವಾರವಾಯಿತು. ಅಮ್ಮ ಬರುವುದು ಚೆರ್ರಿ ಕಾಲ ಮುಗಿದ ಮೇಲೆ ಅಂತ ಗೊತ್ತಿದ್ದರಿಂದ ಈ ಜುಲೈನಲ್ಲಿ ಹೂರಣ ಮತ್ತೆ ಮಾಡಿದ್ದೆ. ಆರು ಕಪ್ ಚೆರ್ರಿ, ಒಂದು ಕಪ್ ಸಕ್ಕರೆ, ಮಿಕ್ಸಿಯಲ್ಲಿ ಪುಡಿ ಮಾಡಿದ ಸಬ್ಬಕ್ಕಿ ನಾಲ್ಕು ದೊಡ್ಡ ಚಮಚ. ಕಾಳು ಪಾರದರ್ಶಕ ಆಗುವ ತನಕ ಕುದಿಸಿ, ಆರಿಸಿ, ಪೈ ತಟ್ಟೆಗೆ ಫಾಯಿಲ್ ಹಾಸಿ ಅದರಲ್ಲೇ ಘನೀಕರಿಸಿದೆ. ಗಟ್ಟಿಯಾದ ಮೇಲೆ ತಟ್ಟೆ ತೆಗೆದರೆ ಬೆಲ್ಲದಚ್ಚಿನ ಹಾಗೆ ದುಂಡಗೆ ಕೂರುತ್ತದೆ. ಇದು ಎದುರುಮನೆ ಅಜ್ಜಿ ಹೇಳಿಕೊಟ್ಟ ಉಪಾಯ. ಬೇಕಾದಾಗ ಫಾಯಿಲ್ ಬಿಚ್ಚಿ, ಕರಗಿಸದೆ ಹಾಗೇ ಹಿಟ್ಟಿನ ಹಾಳೆಯ ಮೇಲಿಟ್ಟು, ನಡುವೆ ಗುಳ್ಳೆ ಏಳುವ ತನಕ ಬೇಯಿಸುವುದು. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿಯೇ ಹಿಡಿಯುತ್ತದೆ.

ನಿನ್ನೆ ಮಾಡಿದೆ. ತಳ ನೆನೆದಿರಲಿಲ್ಲ, ನೀರೂ ಒಡೆದಿರಲಿಲ್ಲ. ಎದುರುಮನೆ ಅಜ್ಜಿ ಎರಡನೇ ತುಂಡು ಕೇಳಿದರು. ಅಮ್ಮ ಚೂರು ತಿಂದು, "ಹುಳಿ ಸ್ವಲ್ಪ ಜಾಸ್ತಿ, ಆದ್ರೂ ಚೆನ್ನಾಗಿದೆ. ಗಟ್ಟಿಯಾಗಕ್ಕೆ ಏನು ಹಾಕಿದೀಯೋ?" ಅಂದಳು.

"ಸಬ್ಬಕ್ಕಿ."

"ಹಾಗಾದ್ರೆ ಏಕಾದಶಿಗೆ ನಡೆಯುತ್ತೆ!"

ಮೈದಾ ಇದೆಯಲ್ಲಮ್ಮ ಅಂದೆ. ಅಮ್ಮ ಯೋಚಿಸಿ, ಮೇಲಿನ ಹಾಳೆ ಪಕ್ಕಕ್ಕೆ ಸರಿಸಿ, ಇನ್ನೊಂದು ಚಮಚ ಹೂರಣ ಮಾತ್ರ ತೆಗೆದುಕೊಂಡಳು. ಇನ್ನೂ ಎರಡು ಅಚ್ಚು ಫ್ರೀಜರಿನಲ್ಲಿವೆ. ಒಂದು ಮಗು ಮನೆಗೆ ಬಂದ ದಿನಕ್ಕೆ.

ನಿಮ್ಮ ಮನೆಯ ಹಿರಿಯರು ಸಬ್ಬಕ್ಕಿಗೆ ಏನೆನ್ನುತ್ತಾರೆ? ಯುದ್ಧದ ಕಾಲದ ಊಟದ ನೆನಪು ಯಾರಲ್ಲಾದರೂ ಇದ್ದರೆ ಕೇಳಿ ಬರೆದಿಡಿ. ಆ ನೆನಪು ಇರುವವರು ಈಗ ತುಂಬಾ ಜನ ಉಳಿದಿಲ್ಲ.