ಸಮವಸ್ತ್ರ ಕಳಚಿದ ಮೇಲಿನ ಓದು

ಹದಿನೆಂಟು, ಹತ್ತೊಂಬತ್ತಕ್ಕೆ ಸೇನೆ ಸೇರಿದ ಹುಡುಗ ಪಿಂಚಣಿಗೆ ಬೇಕಾದ 15 ವರ್ಷದ ಸೇವೆ ಮುಗಿಸುವಾಗ ಅವನಿಗೆ ಮೂವತ್ತೈದೂ ತುಂಬಿರುವುದಿಲ್ಲ. ಊರಿಗೆ ಮರಳುವಾಗ ಕೈಯಲ್ಲಿ ಡಿಸ್ಚಾರ್ಜ್ ಬುಕ್, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು, ಹಿಂದೆ ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ನಿಂತುಹೋದ ಓದು. ಇಂಥವನಿಗಾಗಿ ನೂರು ವರ್ಷಗಳಲ್ಲಿ ನಮ್ಮಲ್ಲಿ ಆದದ್ದನ್ನು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ: ಅವನ ಮಕ್ಕಳ ಓದಿನ ಬಗ್ಗೆ ಬೇಗ ಯೋಚಿಸಿದೆವು, ಅವನ ಓದಿನ ಬಗ್ಗೆ ತೀರಾ ತಡವಾಗಿ.

ಮೊದಲ ಮಹಾಯುದ್ಧಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿದ್ದರು. ಅದರ ಬೆನ್ನಿಗೇ, 1919ರಲ್ಲಿ, ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಹುಟ್ಟಿತು. 1975ರಿಂದ ಅದಕ್ಕೆ ಕೇಂದ್ರೀಯ ಸೈನಿಕ ಮಂಡಳಿ ಎಂಬ ಹೆಸರು. ಸಿಪಾಯಿಗಳ ಗಂಡುಮಕ್ಕಳಿಗೆಂದು ಬ್ರಿಟಿಷರು ಕಟ್ಟಿದ ಮಿಲಿಟರಿ ಶಾಲೆಗಳಲ್ಲಿ ಎರಡು ನಮ್ಮಲ್ಲೇ ಇವೆ: ಬೆಳಗಾವಿಯದು 1945ರದು, ಬೆಂಗಳೂರಿನದು 1946ರದು. ಅಪ್ಪನ ನಂತರ ಮಗನೂ ರೆಜಿಮೆಂಟಿಗೆ ಬರಲಿ ಎಂಬ ಆಸೆ ಆ ಶಾಲೆಗಳ ಹಿಂದೆ ಇದ್ದೇ ಇತ್ತು.

ಸ್ವಾತಂತ್ರ್ಯ ಬಂದ ಮೇಲೆ ಜನರೂ ಕೈಜೋಡಿಸಿದರು. 1949ರಿಂದ ಡಿಸೆಂಬರ್ 7ರ ಧ್ವಜ ದಿನದಂದು ಅಂಗಿಗೆ ಚುಚ್ಚಿಕೊಳ್ಳುವ ಚಿಕ್ಕ ಬಾವುಟದ ಕಾಣಿಕೆ ಸೈನಿಕರ ಕಲ್ಯಾಣ ನಿಧಿಗೆ ಸೇರುತ್ತದೆ. ಕೊಡಗಿನ ಕೆ.ಎಂ. ಕಾರ್ಯಪ್ಪನವರು 1964ರಲ್ಲಿ ಮಾಜಿ ಸೈನಿಕರ ಲೀಗ್ ಕಟ್ಟಿದರು. ನಿವೃತ್ತರು ತಾವೇ ಒಟ್ಟಾಗಿ ಬಾಯಿ ತೆರೆಯಲು ಅದೊಂದು ಜಾಗವಾಯಿತು.

1971ರ ಯುದ್ಧ ಇನ್ನೊಂದು ತಿರುವು. ಮಡಿದ, ಅಂಗವಿಕಲರಾದ ಸೈನಿಕರ ಮಕ್ಕಳ ಶಾಲಾ ಕಾಲೇಜು ಶುಲ್ಕವನ್ನು ಪೂರ್ತಿ ಭರಿಸುವುದಾಗಿ ಸರ್ಕಾರ ಮಾತು ಕೊಟ್ಟಿತು. 2017ರಲ್ಲಿ ಅದಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ ಬಿತ್ತು. ಅಪ್ಪನನ್ನು ಕಳೆದುಕೊಂಡು ವೃತ್ತಿಶಿಕ್ಷಣದ ನಡುವಿನಲ್ಲಿದ್ದ ಮಗುವಿಗೆ ಅದು ಎಂಥ ಪೆಟ್ಟು! ವಿರೋಧ ಜೋರಾಯಿತು, 2018ರಲ್ಲಿ ಮಿತಿಯನ್ನು ತೆಗೆದುಹಾಕಿದರು. ಕೊಟ್ಟ ಮಾತನ್ನು ಹೀಗೆ ಅಳೆದು ತೂಗಲು ಹೋಗಲೇಬಾರದಿತ್ತು.

ಬದುಕಿ ಬಂದವರ ಮಕ್ಕಳಿಗೆ ದೊಡ್ಡ ಆಸರೆ ಎಂದರೆ 2006ರಲ್ಲಿ ಶುರುವಾದ ಪ್ರಧಾನಮಂತ್ರಿ ವಿದ್ಯಾರ್ಥಿವೇತನ. ಎಂಜಿನಿಯರಿಂಗ್, ವೈದ್ಯಕೀಯದಂಥ ಕೋರ್ಸುಗಳಿಗೆ ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿಯ ಲೆಕ್ಕ. ಹವಾಲ್ದಾರ್ ಹುದ್ದೆಯವರೆಗಿನವರ ಇಬ್ಬರು ಮಕ್ಕಳಿಗೆ ತಿಂಗಳ ನೆರವು ಕೊಡುವ ಯೋಜನೆಯೂ ಇದೆ, 2025ರವರೆಗೆ ಅದು ತಲಾ 1,000 ರೂಪಾಯಿ ಇತ್ತು. ಇದೆಲ್ಲ ಜಿಲ್ಲಾ ಸೈನಿಕ ಕಚೇರಿಯ ಮೂಲಕ ಹೋಗಬೇಕು, ತೊಡಕು ಶುರುವಾಗುವುದು ದಾಖಲೆಗಳಲ್ಲಿ. ನಮ್ಮೂರಿನ ನಿವೃತ್ತ ಹವಾಲ್ದಾರರೊಬ್ಬರ ಮಗಳ ಹೆಸರಿಗೆ ಶಾಲೆಯ ದಾಖಲೆಯಲ್ಲಿ ಇಂಗ್ಲಿಷಿನ ಒಂದು 'ಎ' ಹೆಚ್ಚಿತ್ತು, ಕುಟುಂಬದ ವಿವರ ದಾಖಲಾಗುವ ಸೇನೆಯ ಪಾರ್ಟ್ ಟು ಆರ್ಡರ್‌ನಲ್ಲಿ ಅದು ಇರಲಿಲ್ಲ. ಆ ಒಂದಕ್ಷರಕ್ಕೆ ಅಫಿಡವಿಟ್ ಮಾಡಿಸಿ, ಎರಡು ದಿನದ ರೈಲು ದಾರಿಯಾಚೆಯ ರೆಕಾರ್ಡ್ ಆಫೀಸಿಗೆ ಕಳಿಸಿ, ತಿಂಗಳುಗಟ್ಟಲೆ ಕಾದರು.

ಇನ್ನು ಸೈನಿಕನ ಸ್ವಂತ ಓದು. ಪುನರ್ವಸತಿ ಮಹಾನಿರ್ದೇಶನಾಲಯದ ತರಬೇತಿಗಳ ಗುರಿ ಹೆಚ್ಚಾಗಿ ಇನ್ನೊಂದು ನೌಕರಿ, ಅದು ತಪ್ಪಲ್ಲ. ಸೇವೆಯಲ್ಲಿ ಕಲಿತ ಕಸುಬಿಗೆ ವಿಶ್ವವಿದ್ಯಾಲಯದ ಮಾನ್ಯತೆ ಕೊಡಿಸಲು ಇಗ್ನೋ ಜೊತೆ ಸೇನೆ 'ಜ್ಞಾನದೀಪ' ಯೋಜನೆ ಆರಂಭಿಸಿದ್ದು 2009ರಲ್ಲಿ, ಸೋಲ್ಜರ್ಸ್ ಬೋರ್ಡ್ ಹುಟ್ಟಿ ತೊಂಬತ್ತು ವರ್ಷವಾದ ಮೇಲೆ. ಅದಕ್ಕೂ ಮೊದಲಿನಿಂದ ಇರುವುದು, 15 ವರ್ಷ ದುಡಿದ ಮೆಟ್ರಿಕ್ ಪಾಸಾದವನಿಗೆ ಸಿಗುವ ಪದವಿ ಸಮಾನತೆಯ ಪ್ರಮಾಣಪತ್ರ. ಗ್ರೂಪ್ ಸಿ ಹುದ್ದೆಗೆ ಅರ್ಜಿ ಹಾಕಲು ಅದು ಸಾಕು. ಎಂ.ಎ. ಸೇರಬೇಕೆಂದರೆ ಅದನ್ನೇ ಪದವಿ ಎಂದು ತೋರಿಸಲಾಗದು.

ಆ ಹವಾಲ್ದಾರರು ಬಿ.ಎ. ಮೊದಲ ವರ್ಷದಿಂದಲೇ ಶುರುಮಾಡಿದ್ದಾರೆ. ಬ್ಯಾಂಕಿನ ಕಾವಲಿನ ರಾತ್ರಿ ಪಾಳಿ ಮುಗಿಸಿ ಬಂದು ಓದುತ್ತಾರೆ. ಮಗಳಿಗೆ ಈಗ ವಿದ್ಯಾರ್ಥಿವೇತನ ಬರುತ್ತಿದೆ. ಅವರ ಪರೀಕ್ಷೆಯ ಶುಲ್ಕ ಮಾತ್ರ ಪಿಂಚಣಿ ಹಣದಿಂದಲೇ ಹೋಗುತ್ತದೆ.