ಮರಳು ಹೋದ ಮೇಲೆ ನೀರು ಸೋಸುವವರಾರು

ಗೌರಿಬಿದನೂರು ಕಡೆಯ ಹಿರಿಯರು ನೀರಿನ ಮಾತು ತೆಗೆದರೆ ಉತ್ತರ ಪಿನಾಕಿನಿಯ ಒರತೆಗಳು ನೆನಪಾಗದೆ ಇರುವುದಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಈ ನದಿ ಬೇಸಿಗೆಯಲ್ಲಿ ಮೇಲೆ ಒಣಗಿದ್ದರೂ, ಮರಳು ತೋಡಿದರೆ ಕುಡಿಯುವ ನೀರು ಜಿನುಗುತ್ತಿತ್ತು. ಮಳೆಗಾಲದ ಕೆಂಪು ನೀರು ಮರಳಿನ ಸಂದಿಯಲ್ಲಿ ಇಳಿಯುವಾಗ ಮಣ್ಣನ್ನು ಅಲ್ಲೇ ಬಿಟ್ಟು ತಿಳಿಯಾಗುತ್ತಿತ್ತು. ನೀರನ್ನೂ ಕೆಸರನ್ನೂ ಬೇರೆ ಮಾಡಲು ಈ ಸೀಮೆಗೆ ಸಿಕ್ಕ ಮೊದಲ ಶೋಧಕ ಅದು. ಅದಕ್ಕಿಂತ ಒಳ್ಳೆಯದು ಇಲ್ಲಿಗೆ ಇನ್ನೂ ಬಂದಿಲ್ಲ ಎಂದೇ ನನ್ನ ನಂಬಿಕೆ.

ಕೆರೆ ಕುಂಟೆಯ ನೀರಿಗೆ ಕೊಡದ ಬಾಯಿಗೆ ಕಟ್ಟಿದ ಬಟ್ಟೆ ಸಾಕಾಗುತ್ತಿತ್ತು. ರಾಡಿ ಹೆಚ್ಚಿದ್ದರೆ ಚಿಲ್ಲದ ಬೀಜವನ್ನು ತೇಯ್ದು ಬೆರೆಸಿ ಮಣ್ಣು ತಳಕ್ಕಿಳಿಯುವಂತೆ ಮಾಡುವುದು ಹಳೆಯ ಪದ್ಧತಿ; ಸುಶ್ರುತ ಸಂಹಿತೆಯೂ ಕತಕ ಎಂಬ ಹೆಸರಿನಲ್ಲಿ ಇದೇ ಬೀಜವನ್ನು ಹೇಳುತ್ತದೆ. ಬಟ್ಟೆಯನ್ನು ಹಗುರವಾಗಿ ಕಾಣಬಾರದು. ಕರ್ನಾಟಕವೂ ಸೇರಿ ಹಲವು ರಾಜ್ಯಗಳನ್ನು ಕಾಡಿದ ನಾರುಹುಣ್ಣಿನ ಹುಳು ನೀರಿನ ಸಣ್ಣ ಕೀಟಗಳ ಹೊಟ್ಟೆಯಲ್ಲಿರುತ್ತಿತ್ತು, ಆ ಕೀಟಗಳನ್ನು ಬಟ್ಟೆ ತಡೆಯುತ್ತಿತ್ತು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ. ಹಳೆಯ ಸೀರೆಯನ್ನು ನಾಲ್ಕಾರು ಮಡಿಕೆ ಮಾಡಿ ನೀರು ಸೋಸಿದರೆ ಕಾಲರಾ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದ ಅಧ್ಯಯನ 2003ರಲ್ಲಿ ತೋರಿಸಿತು.

ಮರಳಿನ ಶಕ್ತಿಯನ್ನು ಎಂಜಿನಿಯರಿಂಗ್ ಆಗಿ ಮಾಡಿದವರಲ್ಲಿ ಒಬ್ಬರು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯವರೇ. 1890ರ ದಶಕದಲ್ಲಿ ಸರ್ಕಾರ ಎಂ. ವಿಶ್ವೇಶ್ವರಯ್ಯನವರನ್ನು ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ ಕಳಿಸಿತು. ಸಿಂಧೂ ನದಿಯ ನೀರು ಕೆಸರು. ಪದ್ಧತಿಯಂತೆ ಶೋಧಕ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿರಲಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಅಲ್ಲಿಂದ ನದಿಯ ಅಡಿಗೆ ಸುರಂಗ ಕೊರೆಸಿದರು. ಮರಳಿನೊಳಗಿಂದ ಜಿನುಗಿ ಬಂದ ತಿಳಿನೀರನ್ನು ಪಂಪಿನಿಂದ ಗುಡ್ಡದ ಮೇಲಕ್ಕೆ ಏರಿಸಿ ಊರಿಗೆ ಹಂಚಿದರು. ಕೆಲಸ 1895ರಲ್ಲಿ ಮುಗಿಯಿತು. ಪಿನಾಕಿನಿಯ ಒರತೆ ಕೆಲಸ ಮಾಡುತ್ತಿದ್ದುದೂ ಇದೇ ತತ್ವದ ಮೇಲೆ.

ಅಷ್ಟರಲ್ಲಿ ಯುರೋಪು ಮರಳಿನ ಬೆಲೆಯನ್ನು ಸಾವುಗಳ ಲೆಕ್ಕದಲ್ಲಿ ಕಲಿತಿತ್ತು. 1892ರ ಕಾಲರಾದಲ್ಲಿ ನದಿಯ ನೀರನ್ನು ಸೋಸದೆ ಕುಡಿದ ಹ್ಯಾಂಬರ್ಗ್‌ನಲ್ಲಿ ಸಾವಿರಾರು ಜನ ಸತ್ತರು. ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿದ ಪಕ್ಕದ ಆಲ್ಟೋನಾ ಬಹುಪಾಲು ಬದುಕಿತು. ಆಲಂ ಹಾಕಿ ಕೆಸರು ಕೂರಿಸಿ, ಮರಳಿನಲ್ಲಿ ಹಾಯಿಸಿ, ಕ್ಲೋರಿನ್ ಬೆರೆಸುವ ಪದ್ಧತಿ ಮುಂದೆ ಹಲವು ನಗರಗಳಿಗೆ ಬಂತು.

ಇಲ್ಲಿಯವರೆಗಿನ ಶೋಧಕಗಳು ಹಿಡಿದದ್ದು ನೀರಿನಲ್ಲಿ ತೇಲುವ ಕಣವನ್ನು, ಕರಗಿದ್ದನ್ನಲ್ಲ. ಕೆರೆಗಳು ಬತ್ತಿ ಕೊಳವೆಬಾವಿಗಳು ಸಾವಿರ ಅಡಿ ದಾಟಿದಾಗ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಸೀಮೆಗೆ ಸಿಕ್ಕಿದ ನೀರು ಕಣ್ಣಿಗೆ ಸ್ಫಟಿಕದಂತಿತ್ತು, ಆದರೆ ಅದರಲ್ಲಿ ಕಲ್ಲಿನ ಫ್ಲೋರೈಡ್ ಕರಗಿತ್ತು. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ದಾಟಿದರೆ ಮೊದಲು ಹಲ್ಲು, ಬಳಿಕ ಮೂಳೆ ಕೆಡುತ್ತವೆ. ನೆಲ್ಲೂರು ಸೀಮೆಯ ಜನರ ಮೂಳೆಗಳಲ್ಲಿ ಈ ರೋಗವನ್ನು 1937ರಲ್ಲೇ ಗುರುತಿಸಿದ್ದರು. ಬಟ್ಟೆ, ಮರಳು, ಮನೆಯ ಕ್ಯಾಂಡಲ್ ಫಿಲ್ಟರ್ ಯಾವುದಕ್ಕೂ ಅದು ಸಿಗುವುದಿಲ್ಲ. ಈ ಭಾಗದ ಕೆಲವು ಕೊಳವೆಬಾವಿಗಳಲ್ಲಿ ಯುರೇನಿಯಂ ಕೂಡ ಹೆಚ್ಚಿರುವುದನ್ನು ಬೆಂಗಳೂರಿನ ವಿಜ್ಞಾನಿಗಳು ಕಂಡಿದ್ದಾರೆ.

ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಇದಕ್ಕೆ ನಲ್ಗೊಂಡ ವಿಧಾನ ರೂಪಿಸಿತು: ಸುಣ್ಣ, ಆಲಂ ಬೆರೆಸಿ ಫ್ಲೋರೈಡನ್ನು ಗಟ್ಟಿ ಕಣಕ್ಕೆ ಅಂಟಿಸಿ, ಆಮೇಲೆ ಸೋಸುವುದು. ಕರಗಿದ್ದನ್ನು ಮತ್ತೆ ಸೋಸಬಲ್ಲ ಕಣವನ್ನಾಗಿಸುವ ಈ ಉಪಾಯ ನನಗೆ ಬಹಳ ಇಷ್ಟ. ಆದರೆ ದಿನವೂ ಅಳತೆ ನೋಡಿ ಹಾಕುವವರು, ಉಳಿದ ಕೆಸರನ್ನು ಸಾಗಿಸುವವರು ಹಳ್ಳಿಯಲ್ಲಿ ಬೇಕಲ್ಲ. ಕಡೆಗೆ ಗೆದ್ದದ್ದು ರಿವರ್ಸ್ ಆಸ್ಮೋಸಿಸ್, ಅಂದರೆ ಆರ್‌ಒ. 1959–60ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದ ಶ್ರೀನಿವಾಸ ಸೌರಿರಾಜನ್ ಮಾಡಿದ ಪೊರೆಯ ವಂಶಜರು ಇಂದು ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿದ್ದಾರೆ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಒತ್ತಡದಿಂದ ನೀರನ್ನಷ್ಟೇ ದಾಟಿಸಿ ಲವಣವನ್ನು ಆಚೆ ನಿಲ್ಲಿಸುವ ಈ ಪೊರೆ ಎತ್ತಿದ ನೀರಿನ ದೊಡ್ಡ ಪಾಲನ್ನು ಇನ್ನೂ ಹೆಚ್ಚು ಫ್ಲೋರೈಡಿನೊಂದಿಗೆ ಚರಂಡಿಗೆ ಬಿಡುತ್ತದೆ. ನೀರಿಲ್ಲದ ಊರಿಗೆ ಇದು ಭಾರಿ ದಂಡ. ಚಾವಣಿಯ ಮಳೆನೀರಿನಲ್ಲಾದರೆ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಜಲ್ಲಿ, ಮರಳು, ಇದ್ದಿಲಿನ ಸಣ್ಣ ಶೋಧಕ ಸಾಕು.

ಆ ಮರಳಾದರೂ ಎಲ್ಲಿದೆ? ಪಿನಾಕಿನಿಯ ಪಾತ್ರವನ್ನು ಬೆಂಗಳೂರಿನ ಕಟ್ಟಡಗಳಿಗಾಗಿ ಬಗೆದದ್ದಾಯಿತು. ಅದು ಮುಗಿದ ಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫಿಲ್ಟರ್ ಮರಳಿನ ದಂಧೆ ಎದ್ದಿತು. ಕೆರೆಯಂಗಳದ, ಹೊಲದ ಮಣ್ಣಿಗೆ ಮೋಟಾರಿನ ನೀರು ಹಾಯಿಸಿದರೆ ಜೇಡಿ ಹರಿದು ಹೋಗಿ ಮರಳು ಉಳಿಯುತ್ತದೆ. ಮಿಶ್ರಣ ಬೇರ್ಪಡಿಸುವ ಪಾಠದ ಅತ್ಯಂತ ಕೆಟ್ಟ ಬಳಕೆ ಇದು: ಸಾಗುವಳಿಯ ಮೇಲ್ಮಣ್ಣು ಹಾಳು, ಅಂತರ್ಜಲವೂ ಹಾಳು. ನಿಷೇಧವಿದ್ದೂ ನಡೆಯಿತು.

ನೀರು ಸೋಸುವ ಈ ಕಥೆಯ ಈಗಿನ ಹಂತ ಹೆಬ್ಬಾಳ–ನಾಗವಾರ ಕಣಿವೆ ಯೋಜನೆ. ಬೆಂಗಳೂರಿನ ಒಳಚರಂಡಿ ನೀರನ್ನು ಎರಡು ಹಂತ ಶುದ್ಧೀಕರಿಸಿ ದಿನಕ್ಕೆ 21 ಕೋಟಿ ಲೀಟರ್ ತನಕ ಹರಿಸಿ ಕೆರೆ ತುಂಬಿಸುವುದು ಉದ್ದೇಶ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಂದ ನೀರು ಇದೇ. ಬೆಂಗಳೂರಿನ ಇಂಥದೇ ಇನ್ನೊಂದು ಯೋಜನೆಯಾದ ಕೆ.ಸಿ. ವ್ಯಾಲಿಯ ನೀರು 2018ರ ಜುಲೈನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆಯೆದ್ದು, ಪ್ರಕರಣ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಕೇಳುತ್ತಲೇ ಇದೆ. ಕೆರೆಯ ಮಣ್ಣಿನಲ್ಲಿ ಇಂಗುವಾಗ ನೀರು ಸೋಸಿಕೊಳ್ಳುತ್ತದೆ ಎನ್ನುವುದು ಯೋಜನೆಯ ಪರವಾದವರ ವಾದ. ಮಣ್ಣು ಸೂಕ್ಷ್ಮಜೀವಿಗಳನ್ನು ಬಹಳಷ್ಟು ಹಿಡಿದೀತು. ಆದರೆ ಒಳಚರಂಡಿ ನೀರಿನಲ್ಲಿ ಕರಗಿದ ನೈಟ್ರೇಟ್ ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಸಮಿತಿಯ ಬೇಡಿಕೆ ನ್ಯಾಯವಾದದ್ದು. ಅದು ಈಡೇರುವ ತನಕ ತುಂಬಿದ ಪ್ರತಿ ಕೆರೆಯ ಸುತ್ತಲಿನ ಕೊಳವೆಬಾವಿಗಳ ನೀರನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು.